ಟೆಸ್ಟ್ ಡೋಸ್‌ಗೆ ಎದ್ದ ಗುಳ್ಳೆ: ಅಲರ್ಜಿಯೋ, ಔಷಧದ ಖಾರವೋ?

ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಆ್ಯಂಟಿಬಯಾಟಿಕ್ ಇಂಜೆಕ್ಷನ್ನಿನ ಹೆಸರಿನ ಮುಂದೆ 'ಎ.ಟಿ.ಡಿ.' ಎಂದು ಬರೆದಿರುವುದನ್ನು ನೀವು ನೋಡಿರಬಹುದು. 'ಆಫ್ಟರ್ ಟೆಸ್ಟ್ ಡೋಸ್', ಅಂದರೆ ಮೊದಲು ಚರ್ಮದಲ್ಲಿ ಪರೀಕ್ಷಿಸಿ, ಆಮೇಲೆ ಪೂರ್ತಿ ಔಷಧ ಕೊಡಿ ಎಂದರ್ಥ. ಸಿಸ್ಟರ್ ಬಂದು ಮುಂಗೈಯ ಒಳಭಾಗಕ್ಕೆ ಒಂದು ಹನಿ ಔಷಧ ಚುಚ್ಚುತ್ತಾರೆ. ಪೆನ್ನಿನಲ್ಲಿ ಅದರ ಸುತ್ತ ಗೆರೆ ಎಳೆದು, 'ಕೆರ್ಕೋಬೇಡಿ, ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡ್ತೀನಿ' ಎಂದು ಹೇಳಿ ಹೋಗುತ್ತಾರೆ. ಅಲ್ಲಿ ಊತ ಕಂಡರೆ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ 'ಅಲರ್ಜಿ' ಎಂದು ಬರೆಯುತ್ತಾರೆ. ಹೆಚ್ಚಿನವರ ಪಾಲಿಗೆ ಆ ಬರಹ ಜೀವನಪೂರ್ತಿ ಹಾಗೇ ಉಳಿದುಬಿಡುತ್ತದೆ.

ಆ ಊತಕ್ಕೆ ಅರ್ಥವಿದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಒಂದೇ ಸಂಖ್ಯೆಯ ಮೇಲೆ ನಿಂತಿದೆ: ಚುಚ್ಚಿದ ಔಷಧವನ್ನು ಎಷ್ಟು ತೆಳು ಮಾಡಿದ್ದರು? ಎಷ್ಟೋ ಆ್ಯಂಟಿಬಯಾಟಿಕ್‌ಗಳನ್ನು ಗಟ್ಟಿಯಾಗಿ ಚುಚ್ಚಿದರೆ ಅಲರ್ಜಿಯ ಸುಳಿವೂ ಇಲ್ಲದವರ ಚರ್ಮ ಕೂಡ ಊದಿಕೊಳ್ಳುತ್ತದೆ. ಹಾಗೆ ಊದಿಸದಷ್ಟು ತೆಳುವಾದ, ಆದರೆ ನಿಜವಾದ ಅಲರ್ಜಿಯನ್ನು ಹಿಡಿಯುವಷ್ಟು ಗಟ್ಟಿಯಾದ ಪ್ರಮಾಣವೊಂದಿದೆ. ಅಲರ್ಜಿ ತಜ್ಞರು ಅದನ್ನು 'ನಾನ್-ಇರಿಟೇಟಿಂಗ್ ಕಾನ್ಸಂಟ್ರೇಷನ್' ಎನ್ನುತ್ತಾರೆ. ಇಲ್ಲಿ ಅದನ್ನು 'ಕೆರಳಿಸದ ಸಾಂದ್ರತೆ' ಎಂದು ಕರೆಯೋಣ. ಸಾಂದ್ರತೆ ಎಂದರೆ ಒಂದು ಎಂಎಲ್ ದ್ರಾವಣದಲ್ಲಿ ಎಷ್ಟು ಎಂಜಿ ಔಷಧವಿದೆ ಎಂಬ ಲೆಕ್ಕ, ಅಷ್ಟೇ.

ಸುವರ್ಣಗೆಡ್ಡೆಯ ತುರಿಕೆ, ಶೇಂಗಾದ ಅಲರ್ಜಿ

ಸುವರ್ಣಗೆಡ್ಡೆ ಹೆಚ್ಚುವ ಮುಂಚೆ ಕೈಗೆ ಎಣ್ಣೆಯನ್ನೋ ಹುಣಸೆಹುಳಿಯನ್ನೋ ಸವರಿಕೊಳ್ಳುವುದು ನಮ್ಮ ಅಡುಗೆಮನೆಗಳ ರೂಢಿ. ಆ ಗೆಡ್ಡೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅವು ಯಾರ ಕೈಗೆ ಚುಚ್ಚಿದರೂ ತುರಿಕೆ ತಪ್ಪದು. ಹೆಚ್ಚು ತಾಗಿದರೆ ಹೆಚ್ಚು ತುರಿಕೆ, ಕಡಿಮೆ ತಾಗಿದರೆ ಕಡಿಮೆ. ಇದು ಕೆರಳಿಕೆ.

ಶೇಂಗಾ ಅಲರ್ಜಿ ಇರುವ ಮಗುವಿನ ವಿಷಯವೇ ಬೇರೆ. ಮನೆಯವರೆಲ್ಲ ಹಿಡಿ ಹಿಡಿ ತಿಂದರೂ ಏನೂ ಆಗದ ಕಾಳು, ಆ ಮಗುವಿಗೆ ಚೂರು ಬಾಯಿಗೆ ಬಿದ್ದರೂ ಮೈಯೆಲ್ಲ ದದ್ದು ತರಬಲ್ಲದು. ಅದರ ದೇಹ ಶೇಂಗಾದ ಪ್ರೋಟೀನನ್ನು ಶತ್ರು ಎಂದು ಮೊದಲೇ ಗುರುತು ಹಾಕಿಕೊಂಡಿದೆ. ಇದು ಅಲರ್ಜಿ.

ತೊಂದರೆ ಏನೆಂದರೆ, ಚರ್ಮದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಊತ ಅದೇ, ಕೆಂಪು ಅದೇ, ನವೆಯೂ ಅದೇ. ಬರೀ ಕಣ್ಣಿನಿಂದ ನೋಡಿ ಯಾವುದು ಯಾವುದೆಂದು ಹೇಳಲು ಎಂಥ ಅನುಭವಿ ವೈದ್ಯರಿಗೂ ಆಗದು.

ಒಂದೇ ಕೋಶಕ್ಕೆ ಎರಡು ಬಾಗಿಲು

ಚರ್ಮದಡಿ ರಕ್ತನಾಳಗಳ ಅಕ್ಕಪಕ್ಕ 'ಮಾಸ್ಟ್ ಕೋಶ' ಎಂಬ ಕಾವಲು ಕೋಶಗಳಿವೆ. ಅವುಗಳ ಹೊಟ್ಟೆಯಲ್ಲಿ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಕಾಳುಗಳು. ಕೋಶ ಕೆರಳಿದರೆ ಹಿಸ್ಟಮಿನ್ ಹೊರಚೆಲ್ಲುತ್ತದೆ, ರಕ್ತನಾಳ ಸಡಿಲಗೊಂಡು ನೀರು ಜಿನುಗುತ್ತದೆ, ಆ ಜಾಗ ಊದಿಕೊಂಡು ಸುತ್ತ ಕೆಂಪಾಗುತ್ತದೆ.

ಈ ಕೋಶದ ಮುಂಬಾಗಿಲನ್ನು ಕಾಯುವುದು ಐಜಿಇ ಎಂಬ ಪ್ರತಿಕಾಯ. ಪೆನಿಸಿಲಿನ್‌ನಂಥ ಔಷಧದ ಅಣು ತೀರಾ ಚಿಕ್ಕದು, ಒಂಟಿಯಾಗಿ ಅದು ಯಾರ ಗಮನಕ್ಕೂ ಬೀಳುವುದಿಲ್ಲ. ದೇಹದ ಪ್ರೋಟೀನಿಗೆ ಅಂಟಿಕೊಂಡ ಮೇಲೆ ಕೆಲವರ ದೇಹ ಅದನ್ನು ಪರಕೀಯವೆಂದು ಎಣಿಸಿ ಐಜಿಇ ತಯಾರಿಸುತ್ತದೆ. ಆ ಐಜಿಇ ಮಾಸ್ಟ್ ಕೋಶದ ಮೈಮೇಲೆ ಕೂತು ಕಾಯುತ್ತದೆ. ಅದೇ ಔಷಧ ಮತ್ತೆ ಬಂದು ಪಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಬೆಸೆದಾಗ ಬಾಗಿಲು ತೆರೆಯುತ್ತದೆ. ಸ್ಕಿನ್ ಟೆಸ್ಟ್ ಹುಡುಕುತ್ತಿರುವುದು ಇದನ್ನು ಮಾತ್ರ.

ಹಿತ್ತಿಲ ಬಾಗಿಲೂ ಒಂದಿದೆ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಮಾಸ್ಟ್ ಕೋಶದ ಮೇಲಿನ ಎಂಆರ್‌ಜಿಪಿಆರ್‌ಎಕ್ಸ್2 ಎಂಬ ಗ್ರಾಹಕದ ಕಡೆ ಬೆರಳು ತೋರಿಸಿತು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಮುಂತಾದ ಫ್ಲೋರೋಕ್ವಿನೋಲೋನ್ ಗುಂಪಿನ ಔಷಧಗಳು ಐಜಿಇಯ ಹಂಗಿಲ್ಲದೆ ನೇರವಾಗಿ ಈ ದಾರಿಯಿಂದ ಕೋಶವನ್ನು ಕೆರಳಿಸುತ್ತವೆ. ವ್ಯಾಂಕೋಮೈಸಿನ್ ಕೂಡ ಇದೇ ಜಾತಿಯದು. ಅದನ್ನು ಡ್ರಿಪ್‌ನಲ್ಲಿ ಬೇಗ ಬೇಗ ಹರಿಸಿದರೆ ಮುಖ, ಕತ್ತು, ಎದೆ ಕೆಂಪೇರಿ ನವೆಯಾಗುವುದು ಈ ನೇರ ಕೆರಳಿಕೆಯಿಂದಲೇ. ಹನಿಯ ವೇಗ ತಗ್ಗಿಸಿದರೆ ಸಾಮಾನ್ಯವಾಗಿ ಹದಕ್ಕೆ ಬರುತ್ತದೆ. ಈ ಗ್ರಾಹಕ ಎಲ್ಲರಲ್ಲೂ ಇರುವುದರಿಂದ, ಸಾಕಷ್ಟು ಗಟ್ಟಿಯಾಗಿ ಚುಚ್ಚಿದರೆ ಯಾರ ಚರ್ಮವಾದರೂ ಊದೀತು.

ಕೋಶದ ಗೊಡವೆಯೇ ಇಲ್ಲದೆ ಚರ್ಮವನ್ನು ಸುಡುವ ಔಷಧಗಳೂ ಇವೆ. ಕೋ-ಟ್ರೈಮೋಕ್ಸಜೋಲ್ ಇಂಜೆಕ್ಷನ್ನಿನ ಪಿಎಚ್ ಸುಮಾರು 10, ಹೆಚ್ಚುಕಡಿಮೆ ಸೋಪಿನ ನೀರಿನಷ್ಟು ಕ್ಷಾರ. ವ್ಯಾಂಕೋಮೈಸಿನ್ ಅದಕ್ಕೆ ವಿರುದ್ಧವಾಗಿ ಹುಳಿಯ ಕಡೆಯದು. ದ್ರಾವಣದಲ್ಲಿ ಲವಣಾಂಶ ಅತಿಯಾದರೆ ಸುತ್ತಲಿನ ನೀರನ್ನೆಲ್ಲ ಎಳೆದುಕೊಂಡು ಊತ ತರುತ್ತದೆ.

ಪರೀಕ್ಷೆಯ ಎರಡು ಹಂತ

ಮೊದಲನೆಯದು ಪ್ರಿಕ್ ಟೆಸ್ಟ್. ಮುಂಗೈ ಮೇಲೆ ಒಂದು ಹನಿ ಔಷಧ ಇಟ್ಟು, ಅದರ ಮೂಲಕವೇ ಚಿಕ್ಕ ಲ್ಯಾನ್ಸೆಟ್‌ನಿಂದ ರಕ್ತ ಬರದ ಹಾಗೆ ಒಮ್ಮೆ ಚುಚ್ಚುವುದು. ಚರ್ಮದೊಳಕ್ಕೆ ಹೋಗುವ ಔಷಧ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. 15ರಿಂದ 20 ನಿಮಿಷದ ನಂತರ ನೆಗೆಟಿವ್ ಕಂಟ್ರೋಲ್‌ಗಿಂತ, ಅಂದರೆ ಹೋಲಿಕೆಗೆಂದು ಹಾಕುವ ಸಲೈನ್ ಚುಕ್ಕೆಗಿಂತ, ಕನಿಷ್ಠ 3 ಮಿಲಿಮೀಟರ್ ದೊಡ್ಡ ದದ್ದು ಎದ್ದಿದ್ದರೆ ಪಾಸಿಟಿವ್.

ಪ್ರಿಕ್‌ನಲ್ಲಿ ಏನೂ ಬರದಿದ್ದರೆ ಮಾತ್ರ ಎರಡನೆಯ ಹಂತ, ಇಂಟ್ರಾಡರ್ಮಲ್. ತೆಳು ಸೂಜಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಸಮನಾಗಿ ಮಲಗಿಸಿ, ಮೇಲ್ಪದರದೊಳಕ್ಕೆ 0.02ರಿಂದ 0.05 ಎಂಎಲ್ ಔಷಧ ಬಿಡುತ್ತಾರೆ. ಸರಿಯಾಗಿ ಬಿದ್ದರೆ ಬೇಳೆಕಾಳಿನಷ್ಟು, 3ರಿಂದ 5 ಮಿಲಿಮೀಟರ್ ಅಗಲದ, ಬೆಳ್ಳಗಿನ ಗುಳ್ಳೆ ಆ ಕ್ಷಣವೇ ಏಳುತ್ತದೆ. ಈ ಗುಳ್ಳೆ ಔಷಧ ಹಿಡಿಸಿದ ಜಾಗವಷ್ಟೇ. ಅದನ್ನು ಆಗಲೇ ಪೆನ್ನಿನಿಂದ ಗುರುತು ಹಾಕಿ ಅಳೆದಿಡಬೇಕು. 20 ನಿಮಿಷದ ನಂತರ ಮೊದಲಿನ ಅಳತೆಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದು ಸುತ್ತ ಕೆಂಪೂ ಇದ್ದರೆ ಪಾಸಿಟಿವ್. ಮೊದಲ ಅಳತೆ ಇಲ್ಲದಿದ್ದರೆ ಎರಡನೆಯದರಿಂದ ಏನೂ ತಿಳಿಯುವುದಿಲ್ಲ. ವಾರ್ಡುಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ.

ಜೊತೆಗೆ ಎರಡು ಸಾಕ್ಷಿ ಚುಕ್ಕೆಗಳು ಬೇಕೇ ಬೇಕು. ಒಂದು, ನಾರ್ಮಲ್ ಸಲೈನ್. ಅದಕ್ಕೂ ಊದಿದರೆ ಆ ಚರ್ಮ ಬರೀ ಚುಚ್ಚಿದ್ದಕ್ಕೇ ಊದುವಂಥದ್ದು. ಕೆಲವರಿಗೆ ಉಗುರಿನಿಂದ ಗೀರಿದರೂ ದದ್ದು ಏಳುತ್ತದೆ, ಅದಕ್ಕೆ ಡರ್ಮೋಗ್ರಾಫಿಸಂ ಎನ್ನುತ್ತಾರೆ. ಇನ್ನೊಂದು, ಪ್ರಿಕ್ ವಿಧಾನದಲ್ಲಿ ಹಾಕುವ 10 ಎಂಜಿ/ಎಂಎಲ್ ಹಿಸ್ಟಮಿನ್. ಅದಕ್ಕೆ ಊದದಿದ್ದರೆ ರೋಗಿ ಶೀತಕ್ಕೋ ನವೆಗೋ ಸೆಟ್ರಿಜಿನ್‌ನಂಥ ಆ್ಯಂಟಿಹಿಸ್ಟಮಿನ್ ಮಾತ್ರೆ ನುಂಗಿರಬಹುದು, ಆಗ ಉಳಿದ ಚುಕ್ಕೆಗಳ 'ನೆಗೆಟಿವ್'ಗೆ ಬೆಲೆಯಿಲ್ಲ. ಪರೀಕ್ಷೆಗೆ 5ರಿಂದ 7 ದಿನ ಮುಂಚೆಯೇ ಆ ಮಾತ್ರೆಗಳನ್ನು ನಿಲ್ಲಿಸಬೇಕು.

ನಮ್ಮ ಕಂದು, ಕಪ್ಪು ಚರ್ಮದ ಮೇಲೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಬರೀ ಬಣ್ಣ ನೋಡಿ 'ಏನೂ ಇಲ್ಲ' ಎನ್ನುವುದು ತಪ್ಪು. ಬೆರಳ ತುದಿಯಿಂದ ಮೆಲ್ಲಗೆ ಸವರಿದರೆ ದದ್ದಿನ ಅಂಚು ಕೈಗೆ ಸಿಗುತ್ತದೆ. ಆ ಅಂಚಿನ ಮೇಲೆ ಬಾಲ್ ಪೆನ್ನಿನಿಂದ ಗೆರೆ ಎಳೆದು, ಅದರ ಮೇಲೆ ಪಾರದರ್ಶಕ ಟೇಪ್ ಒತ್ತಿ ಕಿತ್ತು ಹಾಳೆಗೆ ಅಂಟಿಸಿದರೆ ಅಳತೆ ದಾಖಲೆಯಾಗಿ ಉಳಿಯುತ್ತದೆ.

ಆರೋಗ್ಯವಂತರ ಚರ್ಮದಲ್ಲಿ ಹುಡುಕುವ ಗಡಿ

ಕೆರಳಿಸದ ಸಾಂದ್ರತೆಯನ್ನು ಕಂಡುಹಿಡಿಯುವುದು ಅಲರ್ಜಿ ಇರುವವರಲ್ಲಿ ಅಲ್ಲ, ಇಲ್ಲದವರಲ್ಲಿ. ಆ ಔಷಧವನ್ನು ಈ ಹಿಂದೆ ತೆಗೆದುಕೊಂಡು ಏನೂ ತೊಂದರೆಯಾಗದ, ಒಪ್ಪಿಗೆ ಕೊಟ್ಟ ಆರೋಗ್ಯವಂತರನ್ನು ಆರಿಸುತ್ತಾರೆ. ಯಾವತ್ತೂ ಆ ಔಷಧ ಮುಟ್ಟದವರಿಗಿಂತ, ತೆಗೆದುಕೊಂಡು ಜೀರ್ಣಿಸಿಕೊಂಡವರೇ ಹೆಚ್ಚು ನಂಬಿಕೆಯ ಸಾಕ್ಷಿಗಳು. ಅವರಿಗೆ ಅಲರ್ಜಿ ಇಲ್ಲವೆಂಬುದು ಆಗಲೇ ಸಾಬೀತಾಗಿದೆ. ಗಂಧೆ ಕಾಯಿಲೆ ಇರುವವರು, ಗೀರಿದರೆ ದದ್ದೇಳುವವರು, ಆಸ್ತಮಾ ಹದ್ದುಬಸ್ತಿನಲ್ಲಿ ಇಲ್ಲದವರು, ಗರ್ಭಿಣಿಯರು, ಆ್ಯಂಟಿಹಿಸ್ಟಮಿನ್ ತಿನ್ನುತ್ತಿರುವವರು ಇದರಲ್ಲಿ ಸೇರುವುದಿಲ್ಲ.

ಆಮೇಲೆ ಔಷಧವನ್ನು ಹತ್ತು ಹತ್ತು ಪಟ್ಟು ತೆಳು ಮಾಡುತ್ತ ಹೋಗುವುದು. ಸೆಫ್ಟ್ರಿಯಾಕ್ಸೋನ್ ತೆಗೆದುಕೊಳ್ಳಿ. 1 ಗ್ರಾಂ ಪುಡಿಯ ವಯಲ್‌ಗೆ 9.6 ಎಂಎಲ್ ದ್ರವ ಹಾಕಿದರೆ 100 ಎಂಜಿ/ಎಂಎಲ್ ಆಗುತ್ತದೆ. 10 ಎಂಎಲ್ ಅಲ್ಲ, 9.6, ಯಾಕೆಂದರೆ ಪುಡಿಯೂ ಸ್ವಲ್ಪ ಜಾಗ ಹಿಡಿಯುತ್ತದೆ. ಅದರಿಂದ 1 ಎಂಎಲ್ ತೆಗೆದು 9 ಎಂಎಲ್ ಸಲೈನ್‌ಗೆ ಸೇರಿಸಿದರೆ 10. ಆ ದ್ರಾವಣದಿಂದ ಮತ್ತೆ 1 ಎಂಎಲ್, 9 ಎಂಎಲ್ ಸಲೈನ್‌ಗೆ: 1 ಎಂಜಿ/ಎಂಎಲ್. ಹೀಗೇ 0.1, 0.01. ಮಜ್ಜಿಗೆಯನ್ನು ನೀರು ಮಾಡುತ್ತ ಹೋದ ಹಾಗೆಯೇ, ಆದರೆ ಪ್ರತಿ ಸಲವೂ ಪಕ್ಕಾ ಅಳತೆ.

ಪರೀಕ್ಷೆ ಮಾಡುವಾಗ ಕ್ರಮ ಉಲ್ಟಾ. ತೀರಾ ತೆಳುವಿನಿಂದ ಶುರು ಮಾಡಿ ಗಟ್ಟಿಯ ಕಡೆಗೆ ಏರುತ್ತಾರೆ. ಚುಕ್ಕೆಗಳು ಒಂದರ ಕೆಂಪು ಇನ್ನೊಂದಕ್ಕೆ ಹರಡದಷ್ಟು ದೂರದಲ್ಲಿರಬೇಕು. ಅಳೆಯುವವರಿಗೆ ಯಾವ ಚುಕ್ಕೆ ಯಾವುದೆಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು, ಗೊತ್ತಿದ್ದರೆ ಮನಸ್ಸು ಅಳತೆಪಟ್ಟಿಯನ್ನು ಒಂದು ಗೆರೆ ಆಚೀಚೆ ಎಳೆಯುತ್ತದೆ. ಆರೋಗ್ಯವಂತರಲ್ಲಿ ಹೆಚ್ಚೆಂದರೆ ನೂರಕ್ಕೆ 5 ಜನ ಮಾತ್ರ ಊದುವಂಥ, ಅತಿ ಗಟ್ಟಿಯಾದ ಮೆಟ್ಟಿಲನ್ನೇ ಸಾಮಾನ್ಯವಾಗಿ ಗಡಿಯೆಂದು ಹಿಡಿಯುತ್ತಾರೆ.

ಈ ವಿಷಯದಲ್ಲಿ ಎಲ್ಲರೂ ಮತ್ತೆ ಮತ್ತೆ ತೆರೆದು ನೋಡುವ ಪಟ್ಟಿ 2003ರದು. ಅಮೆರಿಕದ ಡಲ್ಲಾಸ್‌ನ ವೈದ್ಯರು 25 ಆರೋಗ್ಯವಂತರಲ್ಲಿ 15 ಆ್ಯಂಟಿಬಯಾಟಿಕ್‌ಗಳನ್ನು ಹೀಗೆ ಇಂಟ್ರಾಡರ್ಮಲ್ ಪರೀಕ್ಷಿಸಿದರು. ಸೆಫ್ಟ್ರಿಯಾಕ್ಸೋನ್, ಸೆಫೊಟ್ಯಾಕ್ಸಿಮ್, ಸೆಫುರಾಕ್ಸಿಮ್ 10 ಎಂಜಿ/ಎಂಎಲ್‌ನಲ್ಲಿ ಚರ್ಮವನ್ನು ಕೆಣಕಲಿಲ್ಲ. ಕ್ಲಿಂಡಾಮೈಸಿನ್ 15, ಜೆಂಟಾಮೈಸಿನ್ 4. ಇವೆಲ್ಲ ಮೂಲ ದ್ರಾವಣವನ್ನು ಬರೀ ಹತ್ತು ಪಟ್ಟು ತೆಳು ಮಾಡಿದ್ದು. ಕೋ-ಟ್ರೈಮೋಕ್ಸಜೋಲ್‌ಗೆ ನೂರು ಪಟ್ಟು ಬೇಕಾಯಿತು, 0.8. ಲೆವೊಫ್ಲಾಕ್ಸಸಿನ್‌ಗೆ ಸಾವಿರ ಪಟ್ಟು, 0.025. ಅಜಿಥ್ರೋಮೈಸಿನ್ 0.01ಕ್ಕೆ, ವ್ಯಾಂಕೋಮೈಸಿನ್ 0.005ಕ್ಕೆ ಇಳಿಯಬೇಕಾಯಿತು. ಈ ಎರಡಕ್ಕೂ ಹತ್ತು ಸಾವಿರ ಪಟ್ಟು. 0.02 ಎಂಎಲ್ ಚುಚ್ಚಿದಾಗ ಚರ್ಮದೊಳಕ್ಕೆ ಹೋಗುವ ವ್ಯಾಂಕೋಮೈಸಿನ್ ಒಂದು ಮೈಕ್ರೋಗ್ರಾಂನ ಹತ್ತನೇ ಒಂದು ಭಾಗ. ಸೆಫ್ಟ್ರಿಯಾಕ್ಸೋನ್ ಅದರ ಎರಡು ಸಾವಿರ ಪಟ್ಟು ಹೋಗಬಹುದು. ಎಲ್ಲ ಆ್ಯಂಟಿಬಯಾಟಿಕ್‌ಗೂ 'ಒಂದಕ್ಕೆ ಹತ್ತು' ಎಂಬ ಒಂದೇ ಸೂತ್ರ ಯಾಕೆ ನಡೆಯದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

25 ಜನ ಸಾಕೇ?

ಲಾರಿ ತುಂಬ ಬಂದ ಮಾವಿನಹಣ್ಣಿನಲ್ಲಿ 25 ಎತ್ತಿ ನೋಡಿದಿರಿ, ಒಂದೂ ಕೊಳೆತಿಲ್ಲ. ಲಾರಿಯಲ್ಲಿ ಕೊಳೆತದ್ದೇ ಇಲ್ಲವೆಂದು ಹೇಳಲಾದೀತೇ? ನೂರಕ್ಕೆ 10 ಕೊಳೆತಿದ್ದರೂ, ಎತ್ತಿದ 25ರಲ್ಲಿ ಒಂದೂ ಸಿಗದೆ ಹೋಗುವ ಸಾಧ್ಯತೆ ಸುಮಾರು ನೂರಕ್ಕೆ 7 ಇದೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭದ ಲೆಕ್ಕವಿದೆ. ಪರೀಕ್ಷಿಸಿದವರಲ್ಲಿ ಒಬ್ಬರಿಗೂ ಪ್ರತಿಕ್ರಿಯೆ ಬಾರದಿದ್ದರೆ, 3ನ್ನು ಜನರ ಸಂಖ್ಯೆಯಿಂದ ಭಾಗಿಸಿ. ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆಯೆಂದು ಶೇಕಡ 95ರಷ್ಟು ಭರವಸೆಯಿಂದ ಹೇಳಬಹುದು. 25 ಜನರಾದರೆ ಗಡಿ ಶೇಕಡ 12. ಶೇಕಡ 5ಕ್ಕಿಂತ ಕಡಿಮೆಯೆಂದು ಹೇಳಲು 60 ಜನ ಬೇಕು, ಶೇಕಡ 3ಕ್ಕೆ 100 ಜನ. ಅದಕ್ಕೇ ಹಳೆಯ ಸಂಖ್ಯೆಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ, ಮತ್ತು ಅವು ಬದಲಾಗುತ್ತವೆ. ಯುರೋಪಿನ ತಜ್ಞರು ಬಹಳ ವರ್ಷ ಸೆಫಲೋಸ್ಪೊರಿನ್‌ಗಳಿಗೆ, ಅಂದರೆ ಸೆಫ್ಟ್ರಿಯಾಕ್ಸೋನ್ ಸೇರಿದ ಗುಂಪಿನ ಔಷಧಗಳಿಗೆ, 2 ಎಂಜಿ/ಎಂಎಲ್ ಎಂದೇ ಹೇಳುತ್ತಿದ್ದರು. 20ರಲ್ಲೂ ಚರ್ಮ ಕೆರಳುವುದಿಲ್ಲವೆಂದು ಗೊತ್ತಾದ ಮೇಲೆ 2020ರ ನಿಲುವಿನಲ್ಲಿ ಹೆಚ್ಚಿನವುಗಳಿಗೆ ಅದನ್ನು 20ಕ್ಕೆ ಏರಿಸಿದರು. ಸೆಫೆಪಿಮ್ ಮಾತ್ರ 2ರಲ್ಲೇ ಉಳಿಯಿತು.

ಏರಿಸಿದ್ದೇಕೆ, ತೆಳುವಾಗಿದ್ದರೆ ಸುರಕ್ಷಿತವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ತೀರಾ ತೆಳುವಾದರೆ ನಿಜವಾದ ಅಲರ್ಜಿ ಇದ್ದವರಲ್ಲೂ ಚರ್ಮ ಸುಮ್ಮನಿರುತ್ತದೆ. ಮನೆಗೆ ಹಾಕಿದ ಹೊಗೆ ಅಲಾರಂ ಒಗ್ಗರಣೆಗೂ ಕಿರುಚಬಾರದು, ಪರದೆಗೆ ಬೆಂಕಿ ಹತ್ತಿದಾಗ ಮಲಗಿಯೂ ಇರಬಾರದು. ಆರೋಗ್ಯವಂತರಲ್ಲಿ ಹುಡುಕಿದ ಗಡಿ ಮೊದಲರ್ಧವನ್ನು ಮಾತ್ರ ಖಾತ್ರಿ ಮಾಡುತ್ತದೆ. ಎರಡನೆಯ ಅರ್ಧಕ್ಕೆ, ಔಷಧದಿಂದ ನಿಜವಾಗಿ ಅಪಾಯಕ್ಕೆ ಸಿಕ್ಕಿದವರಲ್ಲಿ ಅದೇ ಸಾಂದ್ರತೆಯನ್ನು ಪರೀಕ್ಷಿಸಬೇಕು. ಪೆನಿಸಿಲಿನ್ ಗುಂಪಿನಲ್ಲಿ ಈ ಕೆಲಸ ಬೇಕಾದಷ್ಟು ನಡೆದಿದೆ. ಬೆಂಜೈಲ್‌ಪೆನಿಸಿಲಿನ್‌ಗೆ ಎಂಎಲ್‌ಗೆ 10,000 ಯೂನಿಟ್, ಅಮಾಕ್ಸಿಸಿಲಿನ್ ಮತ್ತು ಆಂಪಿಸಿಲಿನ್‌ಗೆ 20 ಎಂಜಿ ಎಂಬ ಸಂಖ್ಯೆಗಳು ಗಟ್ಟಿ ನೆಲದ ಮೇಲಿವೆ. ವ್ಯಾಂಕೋಮೈಸಿನ್, ಫ್ಲೋರೋಕ್ವಿನೋಲೋನ್‌ಗಳಲ್ಲಿ ಹಿತ್ತಿಲ ಬಾಗಿಲು ಮುಚ್ಚುವಷ್ಟು ತೆಳು ಮಾಡಿದರೆ ಮುಂಬಾಗಿಲ ಸದ್ದೂ ಕೇಳಿಸದೆ ಹೋಗಬಹುದು. ಅಲ್ಲಿ ನೆಗೆಟಿವ್ ಬಂತೆಂದು ನಿಶ್ಚಿಂತರಾಗುವಂತಿಲ್ಲ.

ಲೆಕ್ಕ ಸರಿ, ಸಿರಿಂಜು ತಪ್ಪು

ಕಾಗದದ ಮೇಲಿನ ಸಾಂದ್ರತೆ ಸಿರಿಂಜಿನೊಳಗೂ ಅದೇ ಇರುತ್ತದೆಂದು ಹೇಳಲಾಗದು. ತಪ್ಪುವ ಜಾಗಗಳು ಕೆಲವು ಇವೆ, ಮತ್ತು ಅವು ಬಹಳ ಮಾಮೂಲು.

ವಾರ್ಡಿನ ಅಡ್ಡದಾರಿ ಇದು: 1 ಎಂಎಲ್ ಸಿರಿಂಜಿಗೆ 0.1 ಎಂಎಲ್ ಔಷಧ ಎಳೆದು, ಅದೇ ಸಿರಿಂಜಿಗೆ 1ರ ಗೆರೆಯವರೆಗೆ ಸಲೈನ್ ಎಳೆದುಕೊಳ್ಳುವುದು. ಹತ್ತು ಪಟ್ಟು ತೆಳುವಾಯಿತು ಎಂದುಕೊಳ್ಳುತ್ತೇವೆ. ಆದರೆ ಸೂಜಿ ಮತ್ತು ಅದರ ಬುಡದಲ್ಲಿ, ಗೆರೆಗಳ ಲೆಕ್ಕಕ್ಕೆ ಸಿಗದ ಜಾಗದಲ್ಲಿ, ಔಷಧ ಆಗಲೇ ತುಂಬಿಕೊಂಡಿದೆ. ಆ ಜಾಗ 0.07 ಎಂಎಲ್ ಇದ್ದರೆ ಒಳಗಿರುವ ಔಷಧ 0.1 ಅಲ್ಲ, 0.17. ಹತ್ತನೇ ಒಂದು ಎಂದುಕೊಂಡದ್ದು ಹೆಚ್ಚುಕಡಿಮೆ ಆರನೇ ಒಂದಾಗಿರುತ್ತದೆ. ಎರಡು ಮೆಟ್ಟಿಲು ಹೀಗೇ ಇಳಿದರೆ ನೂರು ಪಟ್ಟು ಹೋಗಿ ನಲವತ್ತಕ್ಕೆ ಬಂದು ನಿಲ್ಲುತ್ತದೆ. ಖಾಲಿ ಸ್ಟೆರೈಲ್ ವಯಲ್‌ನಲ್ಲಿ 1 ಎಂಎಲ್‌ಗೆ 9 ಎಂಎಲ್ ಸೇರಿಸಿ, ಮೆಲ್ಲಗೆ ತಿರುವಿ ಕಲಸಿ, ಪ್ರತಿ ಮೆಟ್ಟಿಲಿಗೂ ಹೊಸ ಸಿರಿಂಜ್ ಬಳಸುವುದು ಸರಿಯಾದ ದಾರಿ.

ಇನ್ಸುಲಿನ್ ಸಿರಿಂಜಿನದು ಇನ್ನೊಂದು ಗೊಂದಲ. ನಮ್ಮಲ್ಲಿ ಎಂಎಲ್‌ಗೆ 40 ಯೂನಿಟ್‌ನದೂ ಇದೆ, 100 ಯೂನಿಟ್‌ನದೂ ಇದೆ. 'ಎರಡು ಗೆರೆ ಚುಚ್ಚಿ' ಎಂದರೆ 100ರ ಸಿರಿಂಜಿನಲ್ಲಿ 2 ಯೂನಿಟ್ 0.02 ಎಂಎಲ್, 40ರದರಲ್ಲಿ 0.05. ಎರಡೂವರೆ ಪಟ್ಟು ವ್ಯತ್ಯಾಸ, ಗುಳ್ಳೆಯ ಗಾತ್ರವೇ ಬೇರೆ.

ತೆಳು ಮಾಡಲು ಬಳಸುವ ದ್ರವವೂ ಮುಖ್ಯ. ವಯಲ್ ಜೊತೆ ಬರುವ ಸ್ಟೆರೈಲ್ ವಾಟರ್ ಪುಡಿ ಕರಗಿಸಲು ಮಾತ್ರ. ಉಪ್ಪಿನಂಶವಿಲ್ಲದ ಬರಿ ನೀರನ್ನು ಚರ್ಮದೊಳಕ್ಕೆ ಬಿಟ್ಟರೆ ಚೇಳು ಕುಟುಕಿದ ಹಾಗೆ ಉರಿಯುತ್ತದೆ. ಆಮೇಲಿನ ಎಲ್ಲ ಮೆಟ್ಟಿಲಿಗೂ 0.9% ನಾರ್ಮಲ್ ಸಲೈನ್ ಬೇಕು. ಸೆಫ್ಟ್ರಿಯಾಕ್ಸೋನನ್ನು ರಿಂಗರ್ ಲ್ಯಾಕ್ಟೇಟ್‌ಗೆ ಸೇರಿಸಲೇಬಾರದು, ಅದರಲ್ಲಿರುವ ಕ್ಯಾಲ್ಸಿಯಂ ಜೊತೆ ಕೂಡಿ ಹರಳುಗಟ್ಟುತ್ತದೆ. ಮಾಂಸಖಂಡದ ಇಂಜೆಕ್ಷನ್‌ಗೆಂದು ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧದಲ್ಲಿ ಕರಗಿಸಿದ ಔಷಧದಿಂದ ಸ್ಕಿನ್ ಟೆಸ್ಟ್ ಮಾಡಿದರೆ ಎರಡು ಔಷಧಗಳನ್ನು ಒಟ್ಟಿಗೆ ಪರೀಕ್ಷಿಸಿದಂತೆ. ಸೆಫ್ಟ್ರಿಯಾಕ್ಸೋನ್-ಸಲ್‌ಬ್ಯಾಕ್ಟಂನಂಥ ಜೋಡಿ ವಯಲ್‌ಗಳ ಕತೆಯೂ ಅಷ್ಟೇ, ಊದಿದರೆ ಯಾವುದಕ್ಕೆಂದು ಹೇಳಲಾಗದು. ಮಾತ್ರೆ ಪುಡಿ ಮಾಡಿ ಚುಚ್ಚುವ ಮಾತೇ ಇಲ್ಲ. ಅದು ಸ್ಟೆರೈಲ್ ಅಲ್ಲ, ಬಣ್ಣ, ಪಿಷ್ಟ ಎಲ್ಲ ಸೇರಿರುತ್ತದೆ.

ಪೆನಿಸಿಲಿನ್ ಜಾತಿಯ ಔಷಧಗಳು ನೀರಿಗೆ ಬಿದ್ದ ಕೂಡಲೇ ನಿಧಾನವಾಗಿ ಒಡೆಯತೊಡಗುತ್ತವೆ. ನಿನ್ನೆ ಕಲಸಿ ಫ್ರಿಜ್‌ನಲ್ಲಿಟ್ಟದ್ದು ಇವತ್ತಿನ ಪರೀಕ್ಷೆಗೆ ಬೇಡ. ಚುಚ್ಚುವ ಕೈಯದೂ ಪಾತ್ರವಿದೆ: ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಚರ್ಮದಡಿ ಹರಡಿಕೊಂಡು ಸುಳ್ಳು ದದ್ದು, ರಕ್ತ ಜಿನುಗಿದರೆ ಸುಳ್ಳು ಕೆಂಪು, ಸೂಜಿ ಆಳಕ್ಕೆ ಹೋದರೆ ಗುಳ್ಳೆಯೇ ಏಳದೆ ಸುಳ್ಳು ನೆಗೆಟಿವ್.

ವಾರ್ಡಿನ ಟೆಸ್ಟ್ ಡೋಸ್ ಹಿಡಿಯುವುದೇನು?

ಈಗ ಕೇಸ್ ಶೀಟಿನ ಆ ಮೂರಕ್ಷರಕ್ಕೆ ಬರೋಣ. 1 ಗ್ರಾಂ ಸೆಫ್ಟ್ರಿಯಾಕ್ಸೋನನ್ನು 10 ಎಂಎಲ್‌ನಲ್ಲಿ ಕರಗಿಸಿ, ಅದರಿಂದ ಹಾಗೇ 0.1 ಎಂಎಲ್ ಚರ್ಮದೊಳಕ್ಕೆ ಚುಚ್ಚಿದರೆ ಸಾಂದ್ರತೆ ಸುಮಾರು 100 ಎಂಜಿ/ಎಂಎಲ್. ಡಲ್ಲಾಸ್ ಪಟ್ಟಿಯ ಹತ್ತು ಪಟ್ಟು, ಯುರೋಪಿನ ಈಗಿನ ಮಿತಿಯ ಐದು ಪಟ್ಟು. ಮೇಲಿಂದ ಪ್ರಮಾಣವೂ ಹೆಚ್ಚು. ಅಲ್ಲಿ ಎದ್ದ ಊತ ಅಲರ್ಜಿಯದೆಂದು ಹೇಳಲು ಯಾವ ಆಧಾರವೂ ಇಲ್ಲ.

ಸರಿಯಾದ ಸಾಂದ್ರತೆಯಲ್ಲೇ ಮಾಡಿದರೂ, ಹಿಂದೆ ಯಾವ ತೊಂದರೆಯೂ ಆಗದವರನ್ನೆಲ್ಲ ಸಾಲಾಗಿ ಪರೀಕ್ಷಿಸುವುದರಲ್ಲಿ ಲೆಕ್ಕದ ಸಮಸ್ಯೆಯಿದೆ. ಸಾವಿರ ಜನರಲ್ಲಿ ನಿಜವಾದ ಅಲರ್ಜಿ 3 ಜನರಿಗಿದೆ ಎಂದು ಇಟ್ಟುಕೊಳ್ಳಿ. ಪರೀಕ್ಷೆ ಆ ಮೂವರನ್ನೂ ಹಿಡಿಯಿತು ಎನ್ನೋಣ. ಉಳಿದ 997 ಜನರಲ್ಲಿ ಶೇಕಡ 5 ಸುಳ್ಳು ಪಾಸಿಟಿವ್ ಎಂದರೆ 50 ಜನ. ಪಾಸಿಟಿವ್ ಬಂದ 53 ಮಂದಿಯಲ್ಲಿ 50 ಜನರಿಗೆ ಅಲರ್ಜಿಯೇ ಇಲ್ಲ.

ನಿಜ ಜೀವನದಲ್ಲಿ ಚಿತ್ರ ಇದಕ್ಕಿಂತ ಮಸುಕು. ದಕ್ಷಿಣ ಕೊರಿಯಾದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಸೆಫಲೋಸ್ಪೊರಿನ್ ಕೊಡಬೇಕಿದ್ದ 1,421 ಜನರಲ್ಲಿ ಸ್ಕಿನ್ ಟೆಸ್ಟ್ ಮಾಡಿ, ನಂತರ ಔಷಧ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಔಷಧ ಕೊಟ್ಟಾಗ ತಕ್ಷಣದ ಪ್ರತಿಕ್ರಿಯೆ ಕಂಡವರು 4 ಜನ. ಆ ನಾಲ್ವರ ಪರೀಕ್ಷೆಯೂ ನೆಗೆಟಿವ್ ಆಗಿತ್ತು. ಚೀನಾ ಸಹ 2021ರ ಮಾರ್ಗಸೂಚಿಯಲ್ಲಿ, ಸೆಫಲೋಸ್ಪೊರಿನ್ ಕೊಡುವ ಮುಂಚೆ ಎಲ್ಲರಿಗೂ ಸ್ಕಿನ್ ಟೆಸ್ಟ್ ಮಾಡುವ ವಾಡಿಕೆ ಬೇಡವೆಂದಿತು.

ಸುಳ್ಳು ಅಲರ್ಜಿಯ ಹಣೆಪಟ್ಟಿಯಿಂದ ನಷ್ಟವೇನೂ ಇಲ್ಲ ಎನ್ನುವಂತಿಲ್ಲ. ಮುಂದಿನ ಸಲ ಸೋಂಕು ಬಂದಾಗ ಸರಿಹೊಂದುವ, ಅಗ್ಗದ ಔಷಧವನ್ನು ಬದಿಗಿಟ್ಟು ಇನ್ನೂ ವಿಶಾಲ ವ್ಯಾಪ್ತಿಯ, ದುಬಾರಿ, ಅಡ್ಡಪರಿಣಾಮ ಹೆಚ್ಚಿರುವ ಔಷಧಕ್ಕೆ ಕೈಹಾಕುತ್ತಾರೆ. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ಅದೇ ಗೊಬ್ಬರ. ಅಮೆರಿಕದಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದಿದೆ. ಸರಿಯಾಗಿ ಪರೀಕ್ಷಿಸಿದರೆ ಅವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಪೆನಿಸಿಲಿನ್ ತಾಳಿಕೊಳ್ಳಬಲ್ಲರು.

ಹಾಗಾದರೆ ಸ್ಕಿನ್ ಟೆಸ್ಟ್ ಯಾರಿಗೆ? ಔಷಧ ಹೋದ ಒಂದು ಗಂಟೆಯೊಳಗೆ ಮೈಯೆಲ್ಲ ಗಂಧೆ ಎದ್ದವರಿಗೆ, ತುಟಿ-ಗಂಟಲು ಊದಿದವರಿಗೆ, ಉಸಿರು ಕಟ್ಟಿದವರಿಗೆ, ಬಿ.ಪಿ. ಕುಸಿದು ತಲೆ ಸುತ್ತಿ ಬಿದ್ದವರಿಗೆ. ಅದೂ ಆ ಘಟನೆಯಾಗಿ 4ರಿಂದ 6 ವಾರ ಕಳೆದ ಮೇಲೆ. ತೀವ್ರ ಪ್ರತಿಕ್ರಿಯೆ ಆದವರಲ್ಲಿ ಕೆರಳಿಸದ ಸಾಂದ್ರತೆಯಿಂದಲೇ ಶುರು ಮಾಡುವುದಿಲ್ಲ, ಅದರ ಸಾವಿರದ ಒಂದು ಪಾಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಅಪರೂಪಕ್ಕೆ ಸ್ಕಿನ್ ಟೆಸ್ಟ್‌ನಿಂದಲೇ ಮೈತುಂಬ ಪ್ರತಿಕ್ರಿಯೆ ಬರಬಹುದು. ಆದ್ದರಿಂದ ಅಡ್ರಿನಲಿನ್ ಕೈಗೆಟಕುವಲ್ಲೇ ಇರಬೇಕು: ವಯಸ್ಕರಿಗೆ ತೊಡೆಯ ಮಾಂಸಖಂಡಕ್ಕೆ 0.5 ಎಂಜಿ, ಅಂದರೆ 1:1000 ಆಂಪ್ಯೂಲ್‌ನ ಅರ್ಧ ಎಂಎಲ್. ಪರೀಕ್ಷೆ ನೆಗೆಟಿವ್ ಬಂದರೂ ಕೊನೆಯ ಮಾತು ಅದಲ್ಲ. ನಿಗಾದಲ್ಲಿಟ್ಟು ಸಣ್ಣ ಪ್ರಮಾಣದಿಂದ ಪೂರ್ತಿ ಡೋಸ್‌ವರೆಗೆ ಔಷಧವನ್ನೇ ಕೊಟ್ಟು ನೋಡಿ ಖಚಿತಪಡಿಸುತ್ತಾರೆ.

ಕೆಲವು ದಿನಗಳ ನಂತರ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿದುಹೋದವರ ಕತೆ ಬೇರೆ. ಅದು ಐಜಿಇಯ ಕೆಲಸವಲ್ಲ. 20 ನಿಮಿಷದ ಪರೀಕ್ಷೆ ಅಲ್ಲಿ ಏನನ್ನೂ ಹೇಳದು, ಆ ಔಷಧವನ್ನು ಮತ್ತೆ ಕೊಡಲೂಬಾರದು.

ಚೀಟಿಯಲ್ಲಿ ಏನು ಬರೆದಿರಬೇಕು

ನಿಮ್ಮದೋ ಮನೆಯವರದೋ ಫೈಲಿನಲ್ಲಿ 'ಟೆಸ್ಟ್ ಡೋಸ್ ಪಾಸಿಟಿವ್' ಎಂದಷ್ಟೇ ಇದ್ದರೆ, ಡಿಸ್ಚಾರ್ಜ್ ಆಗುವ ಮುನ್ನ ಇಷ್ಟನ್ನು ಕೇಳಿ ಬರೆಸಿಕೊಳ್ಳಿ: ಔಷಧದ ಪೂರ್ತಿ ಹೆಸರು, ಬ್ರ್ಯಾಂಡ್ ಮಾತ್ರವಲ್ಲ. ಯಾವ ಸಾಂದ್ರತೆಯಲ್ಲಿ, ಎಷ್ಟು ಎಂಎಲ್ ಚುಚ್ಚಿದರು. ಪಕ್ಕದಲ್ಲಿ ಸಲೈನ್ ಚುಚ್ಚಿದ್ದರೇ, ಅದಕ್ಕೆಷ್ಟು ಊದಿತು. ಚುಚ್ಚಿದ ಕೂಡಲೇ ಮತ್ತು 20 ನಿಮಿಷದ ನಂತರ ಗುಳ್ಳೆಯ ಅಳತೆ ಎಷ್ಟೆಷ್ಟು. ಊತದ ಹೊರತಾಗಿ ಬೇರೇನಾದರೂ ಆಯಿತೇ. ಉದಾಹರಣೆಗೆ ಹೀಗಿರಬಹುದು: 'ಸೆಫ್ಟ್ರಿಯಾಕ್ಸೋನ್ 10 ಎಂಜಿ/ಎಂಎಲ್, 0.02 ಎಂಎಲ್ ಇಂಟ್ರಾಡರ್ಮಲ್, ಎಡ ಮುಂಗೈ. ಆರಂಭ 4 ಮಿಮೀ, 20 ನಿಮಿಷಕ್ಕೆ 9 ಮಿಮೀ, ಸುತ್ತ ಕೆಂಪು. ಸಲೈನ್ 4, ಬದಲಾವಣೆ ಇಲ್ಲ. ಹಿಸ್ಟಮಿನ್ ಪ್ರಿಕ್ 6.' ಈ ಎರಡು ಸಾಲಿದ್ದರೆ ಐದು ವರ್ಷದ ನಂತರ ಬೇರೆ ಊರಿನ ಅಲರ್ಜಿ ತಜ್ಞರೂ ಅದನ್ನು ಓದಿ, ಅದು ಅಲರ್ಜಿಯೋ ಕೆರಳಿಕೆಯೋ ಎಂದು ಅಲ್ಲಿಂದ ಮುಂದಕ್ಕೆ ವಿಚಾರ ಮಾಡಬಲ್ಲರು.